ಟ್ಯೂನಿಸ್‌ನಿಂದ ಗ್ಲಿವಿತ್ಸೆಗೆ: ಯಂಗ್ ಪೆರೆಜ್‌ನ ಹಿಂದೆ ಒಂದು ವಾರ

ಗುರುವಾರ, ಟ್ಯೂನಿಸ್

ಟ್ಯೂನಿಸ್‌ನ ಹಳೇ ಊರಿನ ಹಫ್ಸಿಯಾ ಬಡಾವಣೆಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಹಳೇ ಬಟ್ಟೆ. ಉದ್ದಕ್ಕೂ ಮೇಜುಗಳು. ಮೇಜಿನ ಮೇಲೆ ಯುರೋಪಿನವರು ತೊಟ್ಟು ಬಿಟ್ಟ ಕೋಟು, ಸ್ವೆಟರು, ಜೀನ್ಸಿನ ರಾಶಿ. ಹೆಂಗಸರು ಮೊಣಕೈವರೆಗೆ ಕೈ ತೂರಿಸಿ ಹುಡುಕುತ್ತಿದ್ದರು. ಒಬ್ಬಾಕೆ ಒಂದು ಕೋಟಿನ ತೋಳನ್ನು ಒಳಗಿಂದ ಹೊರಗೆ ಮಗುಚಿ, ಅಸ್ತರಿನ ಹೊಲಿಗೆಯನ್ನು ಬೆರಳಲ್ಲಿ ಜಗ್ಗಿ ನೋಡಿದಳು. ಬಿಡಲಿಲ್ಲ ಅಂತ ಖಾತ್ರಿಯಾದ ಮೇಲೇ ಚೌಕಾಸಿ ಶುರು.

ನಾನು ಬಂದಿದ್ದು ‘ಯಂಗ್’ ಪೆರೆಜ್ ಅಂತ ಹೆಸರಾದ, ಒಂದು ಕಾಲದ ಬಾಕ್ಸಿಂಗ್ ವಿಶ್ವ ಚಾಂಪಿಯನ್ ವಿಕ್ಟರ್ ಪೆರೆಜ್‌ನ ಜಾಡು ಹಿಡಿದು. ಹುಡುಕಿಕೊಂಡು ಬಂದ ಕೇರಿ ಮಾತ್ರ ಇಲ್ಲಿ ಉಳಿದಿಲ್ಲ. ಒಂದು ಕಾಲಕ್ಕೆ ಇದು ‘ಹಾರಾ’, ಟ್ಯೂನಿಸ್‌ನ ಯಹೂದಿಗಳ ಕೇರಿ. ಕಿಷ್ಕಿಂಧೆಯಂಥ ಓಣಿಗಳು, ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಆರೋಗ್ಯಕ್ಕೆ ಒಳ್ಳೆಯದಲ್ಲ ಅಂತ 1930ರ ದಶಕದಿಂದಲೇ ಒಡೆಯೋಕೆ ಶುರು ಮಾಡಿದರು. ಆಮೇಲೆ ಹೊಸದಾಗಿ ಕಟ್ಟಿದರು. ಹಳೇ ಊರಿಗೆ ಹೊಂದುವ ಹಾಗೆ ಕಟ್ಟಿದ್ದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯೂ ಬಂತು, ಅದೂ ಎರಡು ಸಲ. ಚೆನ್ನಾಗೇ ಇದೆ. ಆದರೆ ವಿಕ್ಟರ್ ಪೆರೆಜ್ ಓಡಾಡಿದ ಓಣಿ ಯಾವುದು ಅಂತ ಬೆರಳು ತೋರಿಸೋಕೆ ಆಗಲ್ಲ.

ಪೆರೆಜ್ ಹುಟ್ಟಿದ್ದು 1911ರ ಅಕ್ಟೋಬರ್ 18ರಂದು. ಮನೆಯವರು ಇಟ್ಟ ಹೆಸರು ಮೆಸ್ಸೌದ್. ಬಾಕ್ಸಿಂಗ್ ರಿಂಗಿನಲ್ಲಿ ಆದದ್ದು ‘ಯಂಗ್’ ಪೆರೆಜ್. ಅವನ ಅಣ್ಣ ಬೆಂಜಮಿನ್ನೂ ಬಾಕ್ಸರ್. ಅವನು ‘ಕಿಡ್’ ಪೆರೆಜ್. ಆಗ ಟ್ಯೂನಿಸಿಯಾ ಫ್ರೆಂಚರ ಕೈಯಲ್ಲಿತ್ತು. ಯಹೂದಿಗಳಲ್ಲೂ ಎರಡು ಪಂಗಡ. ಇಟಲಿಯ ಲಿವೋರ್ನೊದಿಂದ ಬಂದ ವ್ಯಾಪಾರಿಗಳು ‘ಗ್ರಾನಾ’, ಮೊದಲಿಂದಲೂ ಇಲ್ಲೇ ಇದ್ದವರು ‘ತ್ವಾನ್ಸಾ’. ಗ್ರಾನಾಗಳ ಹೆಸರಲ್ಲಿ ಇವತ್ತಿಗೂ ಒಂದು ಪೇಟೆ ಬೀದಿ ಇದೆ. ಹಾರಾದಲ್ಲಿ ಬಡತನ ಹಾಸಿ ಹೊದೆಯುವಷ್ಟಿತ್ತು.

ಅಂಥ ಕಡೆಯ ಹುಡುಗರಿಗೆ ಬಾಕ್ಸಿಂಗ್ ಯಾಕೆ ಹಿಡಿಸಿತು ಅನ್ನೋದಕ್ಕೆ ದೂರ ಹೋಗಬೇಕಿಲ್ಲ. 1922ರಲ್ಲಿ ಸೆನೆಗಲ್‌ನ ಬ್ಯಾಟ್ಲಿಂಗ್ ಸಿಕಿ ಅನ್ನುವವನು ಪ್ಯಾರಿಸ್‌ನಲ್ಲಿ ಜಾರ್ಜ್ ಕಾರ್ಪೆಂಟಿಯೆಯನ್ನು ಕೆಡವಿ ವಿಶ್ವ ಚಾಂಪಿಯನ್ ಆದ. ಕಾರ್ಪೆಂಟಿಯೆ ಅಂದರೆ ಫ್ರಾನ್ಸಿನ ಕಣ್ಮಣಿ. ಅವನನ್ನು ಆಫ್ರಿಕಾದ ಒಬ್ಬ ಕಪ್ಪು ಹುಡುಗ ಮಲಗಿಸಿದ ಅನ್ನೋ ಸುದ್ದಿ ಟ್ಯೂನಿಸ್ ಓಣಿಗಳಲ್ಲಿ ಹೇಗೆ ಹಬ್ಬಿರಬೇಕು, ನೀವೇ ಊಹಿಸಿ. ಪೆರೆಜ್‌ಗೆ ಆಗ ಹನ್ನೊಂದು ತುಂಬುತ್ತಿತ್ತು. ಸಿಕಿ ಅವನ ದೇವರಾದ. ಹದಿನಾಲ್ಕರ ಹೊತ್ತಿಗೆ ಅವನೇ ಗ್ಲೌಸ್ ಹಾಕಿದ್ದ.

ಹುಡುಗ ಐದಡಿಗಿಂತ ಒಂಚೂರು ಎತ್ತರ. ಹಾಗಾಗಿ ಆಡಿದ್ದು ಫ್ಲೈವೇಟ್. ಈ ತೂಕದ ಮಿತಿ 112 ಪೌಂಡು, ಅಂದರೆ 50.8 ಕಿಲೋ. ಒಂದು ಸಿಮೆಂಟ್ ಮೂಟೆಯಷ್ಟು. ಕಾಲೇಜಿನಲ್ಲಿ ನಾನೂ ಇದೇ ತೂಕದಲ್ಲಿ ಒಂದಷ್ಟು ದಿನ ಏಟು ತಿಂದಿದ್ದೇನೆ. ಹಾಗಾಗಿ ಹೇಳ್ತೀನಿ, ಹೆವಿವೇಟ್ ನೋಡುವವರಿಗೆ ಫ್ಲೈವೇಟ್ ಮಕ್ಕಳಾಟದ ಹಾಗೆ ಕಾಣುತ್ತೆ, ಆದರೆ ಬಾಕ್ಸಿಂಗ್‌ನ ಕಸುಬುದಾರಿಕೆ ಇರುವುದು ಇಲ್ಲೇ. ದೊಡ್ಡವರು ಒಂದೇ ಏಟಿಗೆ ಕಾಯುತ್ತಾರೆ. ಇಲ್ಲಿ ಕಾಯೋಕೆ ಪುರುಸೊತ್ತಿಲ್ಲ.

ಶುಕ್ರವಾರ, ಲಾ ಗುಲೆಟ್

ಟ್ಯೂನಿಸ್‌ನಿಂದ ಕೆರೆಯ ನಡುವಿನ ದಿಬ್ಬದ ಮೇಲೆ ಒಂದು ಪುಟ್ಟ ರೈಲು ಹೋಗುತ್ತದೆ. ಹೆಸರು ಟಿಜಿಎಂ. ಎರಡೂ ಕಡೆ ನೀರು. ಇಳಿದರೆ ಲಾ ಗುಲೆಟ್, ಬಂದರಿನ ಊರು. ಹಿಂದೆ ಇಲ್ಲಿ ಸಿಸಿಲಿಯವರು, ಮಾಲ್ಟಾದವರು, ಯಹೂದಿಗಳು, ಮುಸ್ಲಿಮರು ಎಲ್ಲ ಒಟ್ಟಿಗಿದ್ದರು.

ಹಸಿವಾಗಿತ್ತು. ‘ಫ್ರಿಕಾಸೆ’ ತಿಂದೆ. ಅಂಗೈ ಉದ್ದದ ಬನ್ನನ್ನು ಎಣ್ಣೆಯಲ್ಲಿ ಕರಿಯುತ್ತಾರೆ. ಮಧ್ಯೆ ಸೀಳಿ ಮೊದಲು ಹರಿಸ್ಸಾ, ಅಂದರೆ ಕೆಂಪು ಮೆಣಸಿನಕಾಯಿ ಅರೆದ ಚಟ್ನಿ, ಸವರುತ್ತಾರೆ. ಆಮೇಲೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಟ್ಯೂನಾ ಮೀನು, ಕಪ್ಪು ಆಲಿವ್. ಅಂಗಡಿಯವನು ಹರಿಸ್ಸಾ ಚಮಚ ಎತ್ತಿ, ಪರದೇಶಿ ಮುಖ ನೋಡಿ, ಕೈ ತಡೆದ. ಹಾಕಪ್ಪ ಅಂತ ಸನ್ನೆ ಮಾಡಿದೆ. ಖಾರ ತಿಂದೇ ಬೆಳೆದ ನಾಲಿಗೆ, ಇದಕ್ಕೆಲ್ಲ ಹೆದರುತ್ತಾ? ಟ್ಯೂನಿಸ್‌ನ ಯಹೂದಿಗಳ ಮನೆಯಿಂದ ಬೀದಿಗೆ ಬಂದ ತಿಂಡಿ ಇದು ಅಂತಾರೆ. ಈಗ ಇಡೀ ಊರಿನದು. ಮಾಡಿದವರೇ ಇಲ್ಲ. 1940ರ ಸುಮಾರಿಗೆ ದೇಶದಲ್ಲಿ ಒಂದು ಲಕ್ಷದ ಹತ್ತಿರ ಯಹೂದಿಗಳಿದ್ದರು. ಈಗ ಸಾವಿರ ಚಿಲ್ಲರೆ. ಹೆಚ್ಚಿನವರು ಫ್ರಾನ್ಸಿಗೋ ಇಸ್ರೇಲಿಗೋ ಹೋದರು. ಟ್ಯೂನಿಸ್‌ನ ದೊಡ್ಡ ಸಿನಗಾಗಿನ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದ, ಮುಂದೆ ಪೊಲೀಸರ ಕಾವಲು.

ಚಹಾ ಅಂಗಡಿಯಲ್ಲಿ ಫೋನಿನಲ್ಲಿದ್ದ ಪೆರೆಜ್ ಫೋಟೊ ತೋರಿಸಿದೆ. ಚಹಾ ಕೊಡುವ ಹುಡುಗ ನೋಡಿ, ‘ಫುಟ್‌ಬಾಲ್?’ ಅಂದ. ಮೂಲೆಯಲ್ಲಿ ಕೂತಿದ್ದ ಮುದುಕರೊಬ್ಬರು ಫೋನ್ ಇಸ್ಕೊಂಡು, ಕನ್ನಡಕ ಹಣೆಗೇರಿಸಿ, ಕಣ್ಣಿಗೆ ಹತ್ತಿರ ಹಿಡಿದರು. ‘ಪೆರೆಜ್’ ಅಂದರು. ಎಡಗೈ ಮುಂದೆ, ಬಲಗೈ ಗಲ್ಲದ ಹತ್ತಿರ. ಕೂತಲ್ಲೇ ಗಾರ್ಡ್ ಹಿಡಿದು ತೋರಿಸಿದರು. ಅವರೂ ಅವನ ಆಟ ನೋಡಿರಲು ಸಾಧ್ಯವಿಲ್ಲ. ಅಪ್ಪನಿಂದಲೋ ಅಜ್ಜನಿಂದಲೋ ಕೇಳಿದ್ದಿರಬೇಕು.

1931ರಲ್ಲಿ ವಿಶ್ವ ಪಟ್ಟ ಗೆದ್ದು ಬಂದಾಗ ಟ್ಯೂನಿಸ್ ಪೆರೆಜ್‌ನನ್ನು ತಲೆ ಮೇಲೆ ಹೊತ್ತು ಮೆರೆಸಿತ್ತು. ಹಾರಾ ಒಂದೇ ಅಲ್ಲ, ಊರಿಗೆ ಊರೇ ಬೀದಿಗೆ ಬಂದಿತ್ತು. ಅದೇ ಊರಿನ ಮುಂದೆ ಅವನು ಸೋತಿದ್ದೂ ಉಂಟು. 1934ರ ನವೆಂಬರ್ 1. ಎದುರಿಗೆ ಬಾಂಟಮ್‌ವೇಟ್, ಅಂದರೆ ಫ್ಲೈವೇಟ್‌ಗಿಂತ ಒಂದು ಮೆಟ್ಟಿಲು ಮೇಲಿನ ತೂಕದ, ವಿಶ್ವ ಚಾಂಪಿಯನ್ ಪನಾಮಾ ಅಲ್ ಬ್ರೌನ್. ಬ್ರೌನ್ ಆರಡಿಯ ಹತ್ತಿರದ ಮನುಷ್ಯ. ಇಬ್ಬರ ಎತ್ತರಕ್ಕೂ ಒಂದು ಗೇಣಿಗಿಂತ ಜಾಸ್ತಿ ಅಂತರ. ಅಷ್ಟು ಉದ್ದದ ಕೈಯನ್ನು ದಾಟಿ ಒಳಗೆ ನುಗ್ಗೋದೇ ಒಂದು ಸಾಹಸ. ಅದೇ ವರ್ಷ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಇದೇ ಬ್ರೌನ್ ಎದುರು ಪೆರೆಜ್ ಹದಿನೈದು ರೌಂಡ್ ನಿಂತು ಪಾಯಿಂಟ್ ಮೇಲೆ ಸೋತಿದ್ದ. ಟ್ಯೂನಿಸ್‌ನಲ್ಲಿ ಹತ್ತನೇ ರೌಂಡಿಗೆ ನಾಕೌಟ್.

ಶನಿವಾರ, ಪ್ಯಾರಿಸ್

ಅಕ್ಕನ ಮಗ ಪ್ಯಾರಿಸ್‌ನಲ್ಲಿ ಕೆಲಸ ಮಾಡ್ತಾನೆ. ಮೆಟ್ರೋದ ಬೀರ್ ಹಕೀಮ್ ಸ್ಟೇಷನ್ನಿನಲ್ಲಿ ಇಳಿದೆವು. ಇಳಿದವರೆಲ್ಲ ಒಂದು ಕಡೆಗೆ ಹೊರಟರು, ಐಫೆಲ್ ಟವರ್ ಕಡೆಗೆ. ನಾವಿಬ್ಬರೇ ಇನ್ನೊಂದು ಕಡೆಗೆ.

‘ಮಾಮಾ, ಬೆಂಗಳೂರಿಂದ ಇಷ್ಟು ದೂರ ಬಂದು ಟವರ್‌ಗೆ ಬೆನ್ನು ಹಾಕ್ತಿರೋದು ನೀವೊಬ್ಬರೇ ಇರ್ಬೇಕು.’

‘ಅದೆಲ್ಲಿಗೂ ಓಡಿಹೋಗಲ್ಲ, ಬಾರೋ.’

ನಾವು ಹೋಗಿದ್ದು ನೆಲಾಟೋನ್ ಬೀದಿಗೆ. ಇಲ್ಲಿ ವೆಲೋಡ್ರೋಮ್ ದಿವೇರ್ ಇತ್ತು. ಪ್ಯಾರಿಸ್ಸಿನವರ ಬಾಯಲ್ಲಿ ‘ವೆಲ್ ದಿವ್’. ಚಳಿಗಾಲದಲ್ಲಿ ಒಳಗೇ ಸೈಕಲ್ ರೇಸ್ ಆಡೋಕೆ ಕಟ್ಟಿದ, ಗಾಜಿನ ಚಾವಣಿಯ ದೊಡ್ಡ ಕಟ್ಟಡ. ಆರು ದಿನ ನಡೆಯುವ ಸೈಕಲ್ ರೇಸು, ಸರ್ಕಸ್ಸು, ರಾಜಕೀಯ ಸಭೆ ಎಲ್ಲ ಇಲ್ಲೇ. 1931ರಲ್ಲಿ ಜೆಫ್ ಡಿಕ್ಸನ್ ಅನ್ನುವ ಅಮೆರಿಕದ ಪ್ರಮೋಟರ್ ಅದನ್ನು ವಹಿಸಿಕೊಂಡು ‘ಪಾಲೆ ದೆ ಸ್ಪೋರ್’ ಅಂತ ಹೊಸ ಹೆಸರಿಟ್ಟ. ಅದೇ ಅಕ್ಟೋಬರ್ ಕೊನೆಯ ವಾರದಲ್ಲಿ ಅಲ್ಲಿ ಯಂಗ್ ಪೆರೆಜ್, ಎದುರಿಗೆ ಫ್ಲೈವೇಟ್ ವಿಶ್ವ ಚಾಂಪಿಯನ್ ಫ್ರಾಂಕಿ ಜೆನಾರೊ.

ಜೆನಾರೊ ಸಾಮಾನ್ಯದವನಲ್ಲ. ನ್ಯೂಯಾರ್ಕಿನವನು, 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು. ಪಳಗಿದ ಹುಲಿ, ವಯಸ್ಸು ಮೂವತ್ತು. ಪೆರೆಜ್‌ಗೆ ಇಪ್ಪತ್ತು ತುಂಬಿ ಇನ್ನೂ ಎರಡು ವಾರವೂ ಆಗಿರಲಿಲ್ಲ. ಪಂದ್ಯ ಮುಗಿದಿದ್ದು ಎರಡನೇ ರೌಂಡಿನಲ್ಲಿ, ಜೆನಾರೊ ನಾಕೌಟ್. ಲೆಕ್ಕ ಹಾಕಿದರೆ ಆರು ನಿಮಿಷದ ಆಟವೂ ಆಗಿಲ್ಲ.

ನನಗೆ ಇದೇ ಆಶ್ಚರ್ಯ. ಪೆರೆಜ್ ಒಂದೇಟಿಗೆ ಮಲಗಿಸುವ ಪೈಕಿ ಅಲ್ಲ. ಜೀವಮಾನದಲ್ಲಿ 130ಕ್ಕೂ ಹೆಚ್ಚು ಪಂದ್ಯ ಆಡಿ ತೊಂಬತ್ತರ ಮೇಲೆ ಗೆದ್ದ. ಗೆದ್ದದ್ದರಲ್ಲಿ ಮೂರನೇ ಒಂದು ಭಾಗವೂ ನಾಕೌಟ್ ಅಲ್ಲ. ಅವನದು ಕಾಲಿನ ಆಟ, ಚುರುಕಿನ ಆಟ. ಅಂಥವನು ಜೆನಾರೊನಂಥವನನ್ನು ಎರಡೇ ರೌಂಡಿನಲ್ಲಿ ಕೆಡವಿದ್ದು ಆ ಒಂದು ರಾತ್ರಿಯ ಪವಾಡ.

ಒಂದು ಮಾತು ಸೇರಿಸಬೇಕು. ಆಗ ಫ್ಲೈವೇಟ್ ಪಟ್ಟ ಒಡೆದು ಎರಡಾಗಿತ್ತು. 1927ರಲ್ಲಿ ಫಿಡೆಲ್ ಲಾಬಾರ್ಬಾ ಪಟ್ಟ ಬಿಟ್ಟು ಓದೋಕೆ ಹೋದ ಮೇಲೆ, ನ್ಯೂಯಾರ್ಕಿನ ಬಾಕ್ಸಿಂಗ್ ಆಯೋಗದವರು ತಮ್ಮದೇ ಚಾಂಪಿಯನ್‌ನನ್ನು ಕೂರಿಸಿದರು. ಆ ಕಡೆಯ ಪಟ್ಟಕ್ಕೆ ಮೊದಲು ಬಂದ ಇಝಿ ಷ್ವಾರ್ಟ್ಸ್ ಕೂಡ ಯಹೂದಿಯೇ. ಉಳಿದವರದ್ದು ಬೇರೆ ಪಟ್ಟ. ಪೆರೆಜ್ ಗೆದ್ದಿದ್ದು ಈ ಎರಡನೆಯದನ್ನು. ಇದನ್ನು ಹೇಳಿದರೆ ಅವನ ಬೆಲೆ ಕಮ್ಮಿಯಾಗಲ್ಲ. ಎರಡು ಮಹಾಯುದ್ಧಗಳ ನಡುವೆ ಯಹೂದಿ ಬಾಕ್ಸರುಗಳು ಎಲ್ಲೆಲ್ಲೂ ಇದ್ದರು. ನ್ಯೂಯಾರ್ಕಿನ ಬೆನ್ನಿ ಲೆನರ್ಡ್, ಶಿಕಾಗೋದ ಬಾರ್ನಿ ರಾಸ್, ಲಂಡನ್ನಿನ ವೈಟ್‌ಚಾಪೆಲ್‌ನ ಕಿಡ್ ಬರ್ಗ್. ಬಡ ಕೇರಿಯಿಂದ ಹೊರಗೆ ಬರೋಕೆ ಇದ್ದ ದಾರಿಗಳಲ್ಲಿ ಅದೊಂದು.

ಈಗ ನೆಲಾಟೋನ್ ಬೀದಿಯಲ್ಲಿ ಆ ಕಟ್ಟಡ ಇಲ್ಲ. 1959ರಲ್ಲಿ ಬೆಂಕಿ ಬಿದ್ದು, ಉಳಿದದ್ದನ್ನೂ ಒಡೆದರು. ಒಂದು ಪುಟ್ಟ ತೋಟ ಇದೆ, ಗೋಡೆಯ ಮೇಲೆ 4,115 ಮಕ್ಕಳ ಹೆಸರು. ಊರು ನಾಜಿ ಜರ್ಮನಿಯ ಕೈಯಲ್ಲಿದ್ದಾಗ, 1942ರ ಜುಲೈ 16 ಮತ್ತು 17ರಂದು, ಪ್ಯಾರಿಸ್ ಪೊಲೀಸರು 13,152 ಯಹೂದಿಗಳನ್ನು ಮನೆಗಳಿಂದ ಎಳೆದು ತಂದರು. ಜರ್ಮನ್ನರಲ್ಲ, ಫ್ರೆಂಚ್ ಪೊಲೀಸರು. ಮಕ್ಕಳಿದ್ದ ಸಂಸಾರಗಳನ್ನು ಇದೇ ಬಾಕ್ಸಿಂಗ್ ಹಾಲಿನೊಳಗೆ ತುಂಬಿದರು. ಜುಲೈ ಸೆಕೆ, ಮುಚ್ಚಿದ ಚಾವಣಿ, ನೀರೂ ಸಾಲದು, ಪಾಯಿಖಾನೆಯೂ ಸಾಲದು. ಫ್ರಾನ್ಸಿನ ಸರ್ಕಾರದ ಪರವಾಗಿ ಅಧ್ಯಕ್ಷರೊಬ್ಬರು, ಜಾಕ್ ಶಿರಾಕ್, ಇದನ್ನು ಬಾಯಿ ಬಿಟ್ಟು ಒಪ್ಪಿಕೊಳ್ಳೋಕೆ 1995 ಬರಬೇಕಾಯಿತು.

ಹಾಲಿನ ಯಜಮಾನ ಡಿಕ್ಸನ್ ಕಥೆಯೂ ವಿಚಿತ್ರ. ಯುದ್ಧ ಬಂದಾಗ ಅಮೆರಿಕದ ವಾಯುಪಡೆ ಸೇರಿದ. 1943ರಲ್ಲಿ ಫ್ರಾನ್ಸಿನ ಮೇಲೆ ಹಾರುವಾಗಲೇ ಅವನಿದ್ದ ಬಾಂಬರ್ ಬಿತ್ತು, ಸತ್ತ.

ಅಕ್ಕನ ಮಗ ಗೋಡೆ ಮುಂದೆ ಸುಮ್ನೆ ನಿಂತಿದ್ದ. ಎಂಟು ವರ್ಷದಿಂದ ಈ ಊರಲ್ಲಿದ್ದಾನೆ, ಇಲ್ಲಿಗೆ ಬಂದಿರಲಿಲ್ಲ.

ಸಂಜೆ ವಾಗ್ರಾಂ ಹಾಲಿನ ಕಡೆ ನಡೆದೆವು. ಆ ಕಾಲದಲ್ಲಿ ಅದೂ ಬಾಕ್ಸಿಂಗ್ ಅಡ್ಡಾ, ಈಗ ಮದುವೆ, ಪಾರ್ಟಿ, ಫ್ಯಾಷನ್ ಶೋ ನಡೆಯುತ್ತದಂತೆ. ಒಳಗೆ ಬಿಡಲಿಲ್ಲ. ಹೊರಗೆ ಕಾಫಿ ಕುಡಿಯುತ್ತಾ ಅವನು ಕೇಳಿದ, ‘ಆಮೇಲೆ ಏನಾಯ್ತು ಮಾಮಾ? ಪಟ್ಟ ಎಷ್ಟು ದಿನ ಇತ್ತು?’

ಒಂದು ವರ್ಷ. ದುಡ್ಡು, ಪಾರ್ಟಿ, ಪತ್ರಿಕೆಗಳಲ್ಲಿ ಫೋಟೊ. ಮಿರೇಯ್ ಬಾಲಿನ್ ಅನ್ನುವ ನಟಿಯ ಜೊತೆ ಪ್ರೇಮ. 1932ರ ಅಕ್ಟೋಬರ್ 31ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬೆಲ್ ವ್ಯೂನಲ್ಲಿ, ಅದೇ ಊರಿನ ಜಾಕಿ ಬ್ರೌನ್ ಎದುರು ಹದಿಮೂರನೇ ರೌಂಡಿನಲ್ಲಿ ಪಂದ್ಯ ನಿಲ್ಲಿಸಿದರು. ಪಟ್ಟ ಹೋಯಿತು.

‘ನಟಿ ಸಹವಾಸದಿಂದ ಹಾಳಾದ ಅನ್ನಿ.’

‘ಎಲ್ಲರೂ ಹಾಗೇ ಹೇಳ್ತಾರೆ. ನಾನು ಒಪ್ಪಲ್ಲ.’

ಹುಡುಗ ಸೋತರೆ ಹುಡುಗಿಯನ್ನು ಬೈಯೋದು ಎಲ್ಲ ದೇಶದಲ್ಲೂ ಇರುವ ಚಾಳಿ. ನನಗೆ ಕಾಣೋದು ತಕ್ಕಡಿ. ಇಪ್ಪತ್ತೊಂದರ ಹುಡುಗ, ಮೈ ಇನ್ನೂ ಬೆಳೆಯುತ್ತಿದೆ. ಪ್ರತಿ ಪಂದ್ಯಕ್ಕೂ 50.8ಕ್ಕೆ ಇಳಿಸಬೇಕು. ಊಟ ಬಿಡಬೇಕು, ನೀರು ಬಿಡಬೇಕು, ಬೆವರು ಹರಿಸಬೇಕು. ಹಾಗೆ ಒಣಗಿದ ಮೈ ಹತ್ತು ರೌಂಡ್ ಓಡುತ್ತೆ, ಹನ್ನೆರಡು ಹದಿಮೂರರಲ್ಲಿ ಕೈ ಕೊಡುತ್ತೆ. ಮ್ಯಾಂಚೆಸ್ಟರ್ ಆದ ಮೇಲೆ ಅವನು ಬಾಂಟಮ್‌ಗೆ, 53.5 ಕಿಲೋ ಮಿತಿಗೆ ಏರಿದ. ಇದಕ್ಕಿಂತ ಸಾಕ್ಷಿ ಬೇಕಾ? ಆದರೆ ಅಲ್ಲಿ ಕಾಯುತ್ತಿದ್ದವನು ಪನಾಮಾ ಅಲ್ ಬ್ರೌನ್. ಆಮೇಲೆ ಸಿಕ್ಕ ಸಿಕ್ಕ ಊರಲ್ಲಿ ಆಡಿದ, ಗೆದ್ದ, ಸೋತ. 1938ಕ್ಕೆ ಆಟ ಮುಗಿಯಿತು. ವಯಸ್ಸು ಇಪ್ಪತ್ತೇಳು.

ಭಾನುವಾರ, ದ್ರಾಂಸಿ

ಪ್ಯಾರಿಸ್‌ನ ಹೊರವಲಯ. ‘ಸಿತೆ ದ ಲಾ ಮ್ಯುಯೆತ್’ ಅಂತ ನಾಲ್ಕಂತಸ್ತಿನ ವಸತಿ ಸಮುಚ್ಚಯ, ಮೂರು ಕಡೆ ಕಟ್ಟಡ, ನಡುವೆ ಅಂಗಳ. 1930ರ ದಶಕದಲ್ಲಿ ಬಡವರಿಗೆ ಅಂತ ಕಟ್ಟೋಕೆ ಹೊರಟಿದ್ದು. ಯುದ್ಧದಲ್ಲಿ ಅದೇ ಬಂದೀಖಾನೆ ಆಯಿತು. ಇಲ್ಲಿಂದ ಸುಮಾರು 63,000 ಯಹೂದಿಗಳನ್ನು ನಾಜಿ ಶಿಬಿರಗಳಿಗೆ ರೈಲು ಹತ್ತಿಸಿದರು.

ನನಗೆ ಗೊತ್ತಿರದೇ ಇದ್ದದ್ದು, ಇಲ್ಲಿ ಇವತ್ತಿಗೂ ಜನ ವಾಸವಿದ್ದಾರೆ ಅನ್ನೋದು. ಬಾಗಿಲ ಪಕ್ಕ ಕರೆಗಂಟೆ, ಹೆಸರಿನ ಚೀಟಿ. ಅಂಗಳದ ಬಾಯಲ್ಲಿ ಸ್ಮಾರಕ ಶಿಲ್ಪ, ಹಿಂದೆ ಹಳಿಯ ಮೇಲೆ ಒಂದು ಗೂಡ್ಸ್ ಬೋಗಿ. ಅದರ ಪಕ್ಕದಲ್ಲೇ ಒಬ್ಬ ಹೆಂಗಸು ತರಕಾರಿ ಚೀಲ ಹಿಡಿದು ಮನೆಗೆ ಹೋದಳು. ಮೊದಲು ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಬಾಡಿಗೆ ಕಮ್ಮಿ ಇರುವ ಕಡೆ ಬಡವರು ಇನ್ನೇನು ಮಾಡಬೇಕು? ಕಟ್ಟಿದ್ದೇ ಅವರಿಗಾಗಿ ಅಲ್ವಾ.

ಪೆರೆಜ್‌ನನ್ನು ಹಿಡಿದಿದ್ದು 1943ರ ಸೆಪ್ಟೆಂಬರ್ 21ರಂದು, ಪ್ಯಾರಿಸ್‌ನಲ್ಲೇ. ಓಡಿಹೋಗಬಹುದಿತ್ತು, ಹೋಗಲಿಲ್ಲ. ದ್ರಾಂಸಿಯಲ್ಲಿ ಎರಡು ವಾರದ ಮೇಲೆ ಇಟ್ಟರು. ಅಕ್ಟೋಬರ್ 7ಕ್ಕೆ 60ನೇ ರೈಲು ಆಶ್ವಿಟ್ಜ್‌ಗೆ ಹೊರಟಿತು, ಸಾವಿರದಷ್ಟು ಜನರನ್ನು ತುಂಬಿಕೊಂಡು. ಅಷ್ಟು ಹೊತ್ತಿಗೆ ರೈಲುಗಳು ಪಕ್ಕದ ಬೊಬಿನ್ಯಿ ಸ್ಟೇಷನ್ನಿನಿಂದ ಹೊರಡುತ್ತಿದ್ದವು. ಹಿಂದಿನ ಬುರ್ಜೆ ಸ್ಟೇಷನ್ನಿನಲ್ಲಿ ಜನ ನೋಡುತ್ತಿದ್ದರು, ಇಲ್ಲಿ ಕಣ್ಣಿಗೆ ಬೀಳುವುದು ಕಮ್ಮಿ. ಬೊಬಿನ್ಯಿಯೂ ಈಗ ಸ್ಮಾರಕ. ಹಳಿಗಳ ನಡುವೆ ಹುಲ್ಲು ಬೆಳೆದಿದೆ. ನಡೆದು ನೋಡಬಹುದು.

ಸೋಮವಾರ

ವಿಮಾನ, ಬಸ್ಸು, ಮಳೆ. ಪೋಲೆಂಡಿನ ಕ್ರಾಕೋವ್‌ನಲ್ಲಿ ಬೀಟ್‌ರೂಟ್ ಸಾರು ಕುಡಿದು ಮಲಗಿದೆ.

ಮಂಗಳವಾರ, ಮೊನೊವಿತ್ಸೆ

ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್ ಅಂದರೆ ಎಲ್ಲರೂ ನೋಡುವುದು ಎರಡು ಜಾಗ. ಕಬ್ಬಿಣದ ಅಕ್ಷರಗಳ ಬಾಗಿಲಿರುವ ಮುಖ್ಯ ಶಿಬಿರ, ಮತ್ತು ರೈಲು ಹಳಿ ಒಳಗೇ ಹೋಗುವ ಬಿರ್ಕೆನೌ. ಎರಡನ್ನೂ ಬೆಳಗ್ಗೆ ನೋಡಿದೆ. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಪೆರೆಜ್ ಇದ್ದದ್ದು ಮೂರನೆಯದರಲ್ಲಿ, ಮೊನೊವಿಟ್ಸ್. ಅದು ಮೊನೊವಿತ್ಸೆಯ ಜರ್ಮನ್ ಹೆಸರು. ಅಲ್ಲಿಗೆ ಗೈಡ್ ಕರೆದುಕೊಂಡು ಹೋಗಲ್ಲ. ಟ್ಯಾಕ್ಸಿ ಹಿಡಿದೆ.

ಮೊನೊವಿತ್ಸೆ ಈಗ ಮಾಮೂಲಿ ಹಳ್ಳಿ. ಹಿತ್ತಲಲ್ಲಿ ಕೋಳಿ, ಬೇಲಿಗೆ ಸೇಬಿನ ಮರ. ಯುದ್ಧದಲ್ಲಿ ಈ ಹಳ್ಳಿಯವರನ್ನು ಒಕ್ಕಲೆಬ್ಬಿಸಿ, ಮನೆ ಕೆಡವಿ ಶಿಬಿರ ಕಟ್ಟಿದ್ದರು. ಯುದ್ಧ ಮುಗಿದ ಮೇಲೆ ಅವರು ವಾಪಸ್ ಬಂದು ಅದೇ ಜಾಗದಲ್ಲಿ ಮನೆ ಕಟ್ಟಿಕೊಂಡರು. ಹಾಗಾಗಿ ಶಿಬಿರದ್ದು ಅಂತ ಉಳಿದಿರುವುದು ಕೆಲವು ಕಾಂಕ್ರೀಟ್ ತುಂಡುಗಳು, ರಸ್ತೆ ಪಕ್ಕ ಒಂದು ಸ್ಮಾರಕ. ಆಚೆಗೆ ದೊಡ್ಡ ಕೆಮಿಕಲ್ ಕಾರ್ಖಾನೆ, ಇವತ್ತಿಗೂ ನಡೆಯುತ್ತಿದೆ. ಅದರ ಜಾಗದಲ್ಲಿ ಐ.ಜಿ. ಫಾರ್ಬೆನ್ ಕಂಪನಿ ಕೃತಕ ರಬ್ಬರ್ ತಯಾರಿಸೋಕೆ ಹೊರಟಿತ್ತು. ಕೂಲಿಗೆ ಕೈದಿಗಳು. ಸಾವಿರಾರು ಜನ ಸತ್ತರು, ರಬ್ಬರ್ ಮಾತ್ರ ಹೊರಗೆ ಬರಲೇ ಇಲ್ಲ.

ಶಿಬಿರದ ಮುಖ್ಯಸ್ಥ ಹೈನ್ರಿಖ್ ಷ್ವಾರ್ಟ್ಸ್‌ಗೆ ಬಾಕ್ಸಿಂಗ್ ಹುಚ್ಚು. ಕೈದಿಗಳಲ್ಲಿ ಬಾಕ್ಸರುಗಳು ಯಾರಿದ್ದೀರಿ ಅಂತ ಕೇಳಿ ತಂಡ ಕಟ್ಟಿದ. ಭಾನುವಾರ ಪಂದ್ಯ, ಕಾವಲಿನ ನಾಜಿ ಪಡೆ ಎಸ್‌ಎಸ್‌ನವರು ಪ್ರೇಕ್ಷಕರು. ಆಡುವವರಿಗೆ ದಿನಕ್ಕೆ ಜಾಸ್ತಿ ಸೂಪು. ನೋವಾ ಕ್ಲೀಗರ್ ಎಂಬ ಹುಡುಗ ಜೀವನದಲ್ಲಿ ಗ್ಲೌಸ್ ಮುಟ್ಟಿದವನಲ್ಲ. ಸುಮ್ನೆ ಕೈ ಎತ್ತಿದ. ಪೆರೆಜ್ ಮತ್ತು ಉಳಿದ ನಿಜವಾದ ಬಾಕ್ಸರುಗಳಿಗೆ ಇವನ ನಿಲುವು ನೋಡಿದ ಕೂಡಲೇ ಗೊತ್ತಾಗಿದೆ. ಯಾರೂ ಬಾಯಿ ಬಿಡಲಿಲ್ಲ. ಇವನ ಜೊತೆ ಆಡುವಾಗ ಏಟು ಮೆತ್ತಗೆ ಹಾಕಿದರು. ಕ್ಲೀಗರ್ ಬದುಕಿ ಉಳಿದು, ಇಸ್ರೇಲಿನಲ್ಲಿ ಕ್ರೀಡಾ ವರದಿಗಾರನಾಗಿ, ಇದನ್ನು ಕೊನೆಯವರೆಗೂ ಹೇಳುತ್ತಿದ್ದ. 2018ರಲ್ಲಿ ತೀರಿಕೊಂಡ.

ಏಟನ್ನು ಜೋರಾಗಿ ಕಾಣಿಸಿ ಮೆತ್ತಗೆ ಮುಟ್ಟಿಸೋದು ಎಷ್ಟು ಕಷ್ಟ ಅಂತ ಆಡಿದವರಿಗೆ ಗೊತ್ತು. ಭುಜ ಪೂರ್ತಿ ತಿರುಗಬೇಕು, ಮುಷ್ಟಿ ಕೊನೇ ಗಳಿಗೆಯಲ್ಲಿ ಸಡಿಲವಾಗಬೇಕು, ಎದುರಿನವನ ತಲೆ ಸರಿಯಾದ ಹೊತ್ತಿಗೆ ಹಿಂದಕ್ಕೆ ಹೋಗಬೇಕು. ಅದೂ ನೋಡುತ್ತಿರುವವನು ಬಾಕ್ಸಿಂಗ್ ಬಲ್ಲವನಾದಾಗ. ಪೆರೆಜ್‌ನ ಕೈಚಳಕಕ್ಕೆ ನನ್ನ ಲೆಕ್ಕದಲ್ಲಿ ಜೆನಾರೊ ಪಂದ್ಯಕ್ಕಿಂತ ಇದೇ ದೊಡ್ಡ ಸಾಕ್ಷಿ.

ಅವನು ಶಿಬಿರದಲ್ಲಿ ನೂರಕ್ಕೂ ಹೆಚ್ಚು ಪಂದ್ಯ ಆಡಿ ಒಂದೇ ಒಂದು ಸೋತ ಅಂತ ಹೇಳುವವರಿದ್ದಾರೆ. ನನಗೆ ನಂಬಿಕೆ ಬರಲ್ಲ. ಹೊಟ್ಟೆಗಿಲ್ಲದ ಮನುಷ್ಯ ವಾರಕ್ಕೆರಡು ಪಂದ್ಯ ಆಡೋಕಾಗುತ್ತಾ? ಅಲ್ಲಿ ಸ್ಕೋರ್ ಬರೆದಿಟ್ಟವರು ಯಾರು? ಸಿನಿಮಾ ಹೀರೋ ಮಾಡುವ ಆತುರ ಇದು. ಅಡುಗೆಮನೆಯ ಕೆಲಸಕ್ಕೆ ಹಾಕಿದಾಗ ಸೂಪು, ರೊಟ್ಟಿ ಕದ್ದು ಬೇರೆಯವರಿಗೆ ಕೊಡುತ್ತಿದ್ದ ಅಂತ ಉಳಿದು ಬಂದವರು ಹೇಳಿದ್ದಾರೆ. ಅದನ್ನು ನಂಬುತ್ತೇನೆ. ಸಿಕ್ಕಿಬಿದ್ದರೆ ನೇಣು ಅಂತ ಗೊತ್ತಿದ್ದೂ ಮಾಡಿದ ಕೆಲಸ.

ಬುಧವಾರ, ಗ್ಲಿವಿತ್ಸೆ

ರಷ್ಯನ್ ಸೈನ್ಯ ಹತ್ತಿರ ಬಂತು ಅಂತ 1945ರ ಜನವರಿ 18ರಂದು ಮೊನೊವಿಟ್ಸ್ ಶಿಬಿರವನ್ನು ಖಾಲಿ ಮಾಡಿಸಿದರು. ಹಿಮದಲ್ಲಿ ನಡೆಸಿಕೊಂಡು ಹೊರಟಿದ್ದು ಮಿಕೋಲೂವ್ ಮೇಲೆ ಗ್ಲಿವಿತ್ಸೆಗೆ, ಐವತ್ತು ಕಿಲೋಮೀಟರಿಗೂ ಜಾಸ್ತಿ. ಹಿಂದೆ ಬಿದ್ದವರಿಗೆ ಗುಂಡು. ಇಂದು ಅದೇ ಕಡೆಗೆ ನಾನು ರೈಲಿನಲ್ಲಿ ಕಾಲು ಚಾಚಿ ಕೂತು ಬಂದೆ. ಎದುರಿನ ಸೀಟಿನಲ್ಲಿ ಕಾಲೇಜು ಹುಡುಗರು ಪರೀಕ್ಷೆಗೆ ಓದುತ್ತಿದ್ದರು.

ಗ್ಲಿವಿತ್ಸೆಯಲ್ಲಿ ಪ್ರವಾಸಿಗರು ನೋಡುವುದು ಮರದ ರೇಡಿಯೋ ಗೋಪುರ. 111 ಮೀಟರ್ ಎತ್ತರ, ಲಾರ್ಚ್ ಮರ, ಹಿತ್ತಾಳೆಯ ಬೋಲ್ಟುಗಳು. ಹತ್ತಿರ ಹೋಗಿ ಕತ್ತೆತ್ತಿದರೆ ತೊಲೆಗಳು ಒಂದರೊಳಗೊಂದು ಹೆಣೆದುಕೊಂಡು ಮೇಲಕ್ಕೆ ಹೋಗುತ್ತವೆ. 1939ರ ಆಗಸ್ಟ್ 31ರ ರಾತ್ರಿ ನಾಜಿಗಳು ಪೋಲಿಷ್ ವೇಷದಲ್ಲಿ ಇದೇ ಸ್ಟೇಷನ್ ಮೇಲೆ ಸುಳ್ಳು ದಾಳಿ ಮಾಡಿ, ಮರುದಿನ ಯುದ್ಧಕ್ಕೆ ನೆಪ ಮಾಡಿಕೊಂಡರು. ಆಗ ಇದು ಜರ್ಮನಿಯ ಊರು, ಗ್ಲೈವಿಟ್ಸ್.

ಪೆರೆಜ್ ಸತ್ತಿದ್ದು ಇದೇ ಸುತ್ತಮುತ್ತ, ಜನವರಿ 22ರಂದು. ರೊಟ್ಟಿ ಸಿಕ್ಕಿತ್ತು, ಅದನ್ನು ಜೊತೆಯವರಿಗೆ ತಲುಪಿಸಲು ಹೋಗುವಾಗ ಗುಂಡು ಹಾರಿಸಿದರು ಅಂತ ಉಳಿದವರ ಹೇಳಿಕೆ. ವಯಸ್ಸು ಮೂವತ್ತಮೂರು. ಐದು ದಿನ ಬಿಟ್ಟು, 27ಕ್ಕೆ, ರಷ್ಯನ್ನರು ಆಶ್ವಿಟ್ಜ್‌ಗೆ ಬಂದರು. ಸಮಾಧಿ ಇಲ್ಲ.

ಸಂಜೆ ಅಕ್ಕನ ಮಗನ ಮೆಸೇಜು. ‘ಮಾಮಾ, ಮುಂದಿನ ಸಲ ಯಾರ ಹಿಂದೆ? ಈ ಸಲವಾದ್ರೂ ಬದುಕಿ ಉಳಿದವರನ್ನ ಹಿಡೀರಿ.’

ಒಬ್ಬನಿದ್ದಾನೆ. ಅಲ್ಜೀರಿಯಾದ ಕಾನ್‌ಸ್ಟಾಂಟೀನ್ ಊರಿನ ಯಹೂದಿ ಈಜುಗಾರ ಆಲ್‌ಫ್ರೆಡ್ ನಕಾಶ್. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಈಜಿದ್ದ. ಆಶ್ವಿಟ್ಜ್‌ನಲ್ಲಿ ಪೆರೆಜ್‌ನ ಗೆಳೆಯ. ಹೆಂಡತಿ, ಮಗಳು ಇಬ್ಬರನ್ನೂ ಅಲ್ಲಿ ಕಳೆದುಕೊಂಡ. ವಾಪಸ್ ಬಂದು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮತ್ತೆ ನೀರಿಗಿಳಿದ. ದಕ್ಷಿಣ ಫ್ರಾನ್ಸಿನ ತುಲೂಸ್‌ನಲ್ಲಿ ಅವನ ಹೆಸರಿನ ಈಜುಕೊಳ ಇದೆ.

‘ತುಲೂಸ್‌ಗೆ ಟಿಕೆಟ್ ನೋಡು,’ ಅಂತ ಬರೆದೆ. ‘ಬೇಸಿಗೆಗೆ. ಈಜೋ ಚಡ್ಡಿ ತಗೊಂಡು ಬಾ.’